ಈ ಘಟನೆಯನ್ನು ವರದಿ ಮಾಡಲಾಗುವುದು

ಮಗಳಿಗೆ ನಾನು ಮಾತು ಕೊಟ್ಟದ್ದು ದಂತವೈದ್ಯರ ಕುರ್ಚಿಯ ಪಕ್ಕದಲ್ಲಿ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ವೈದ್ಯರು ಗಡಿಯಾರ ನೋಡುತ್ತಿದ್ದರು, ಹೊರಗೆ ಕಾಯುತ್ತಿದ್ದವರು ನನ್ನನ್ನು ನೋಡುತ್ತಿದ್ದರು. ನನಗೆ ಬೇರೆ ಉಪಾಯ ತೋಚಲಿಲ್ಲ. "ಬಾಯಿ ತೆಗಿ ಪುಟ್ಟಿ. ನೀನು ಹೈಸ್ಕೂಲು ಸೇರಿದ ವರ್ಷ ನಿನಗೊಂದು ಕಂಪ್ಯೂಟರು ಕೊಡ್ತೀನಿ. ನಿನ್ನದೇ. ಬೇರೆ ಯಾರದೂ ಅಲ್ಲ" ಎಂದೆ. ಹೈಸ್ಕೂಲು ಆಗ ಬಹಳ ದೂರವಿತ್ತು. ದೂರದ ವಿಷಯಗಳಲ್ಲಿ ಹೆತ್ತವರು ಧಾರಾಳಿಗಳು. ಮಗಳು ಬಾಯಿ ತೆರೆದಳು. ಹಲ್ಲು ಹೊರಗೆ ಬಂತು. ಆಮೇಲೆ ಆ ಒಂದು ವಿಷಯದಲ್ಲಿ ಅವಳು ಬಾಯಿ ಮುಚ್ಚಲೇ ಇಲ್ಲ.

ನಾವು ನೋಡನೋಡುತ್ತಿರುವಾಗಲೇ ಹೈಸ್ಕೂಲು ಬಂದುಬಿಟ್ಟಿತು. ಅದರ ಹಿಂದೆಯೇ ವಿಜ್ಞಾನ ಪ್ರದರ್ಶನವೂ ಬಂತು. ಉಳಿದ ಮಕ್ಕಳು ರಟ್ಟು, ಅಂಟು, ಬಲ್ಬು ಹಿಡಿದು ಹೊರಟರೆ, ನನ್ನ ಮಗಳು ಹಲ್ಲಿಯ ಬಾಲ ಕಳಚಿ ಮತ್ತೆ ಬೆಳೆಯುವುದನ್ನು ಓಡುವ ಚಿತ್ರವಾಗಿ ತೋರಿಸುತ್ತೇನೆ ಎಂದಳು. ನಮ್ಮ ಟ್ಯೂಬ್‌ಲೈಟಿನ ಹಿಂದೆ ಬಾಲವಿಲ್ಲದ ಹಲ್ಲಿಯೊಂದು ವಾಸವಾಗಿತ್ತು. ಅದನ್ನು ನೋಡಿ ನೋಡಿ ಹಾಳೆಗಟ್ಟಲೆ ಚಿತ್ರ ಬರೆದಿಟ್ಟಿದ್ದಳು. ಅವನ್ನು ಜೋಡಿಸಿ ಓಡಿಸುವುದಕ್ಕೆ ಕಂಪ್ಯೂಟರು ಬೇಕು. ಸಿದ್ಧವಾದ ಚಿತ್ರವನ್ನು ಶನಿವಾರ ಬೆಳಿಗ್ಗೆಯೊಳಗೆ ತಂದುಕೊಟ್ಟರೆ ಪ್ರದರ್ಶನದಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ ಎಂದು ವಿಜ್ಞಾನದ ಮೇಷ್ಟ್ರು ಹೇಳಿ ಕೈ ತೊಳೆದುಕೊಂಡಿದ್ದರು.

"ಅಪ್ಪ, ನನ್ನ ಕಂಪ್ಯೂಟರು?"

"ಬರ್ತಾ ಇದೆ."

"ಎಲ್ಲಿಂದ?"

"ದೂರದಿಂದ."

ಅದು ಬಂದದ್ದು ಹಿಂದಿನ ಬೀದಿಯಿಂದ. ವಕೀಲನಾದ ನನ್ನ ಭಾವಮೈದ ತನ್ನ ಚೇಂಬರಿಗೆ ಹೊಸದು ತಂದು ಹಳೆಯದನ್ನು ನಮಗೆ ದಾಟಿಸಿದ. ಬಹಳ ನಿಧಾನದ ಯಂತ್ರ. ಗುಂಡಿ ಒತ್ತಿ, ಮಾಳಿಗೆಗೆ ಹೋಗಿ ಬಟ್ಟೆ ಒಣಹಾಕಿ, ಇಳಿದು ಬಂದು ಊಟದ ಡಬ್ಬಿ ತೊಳೆದು ನೋಡಿದರೂ ಅದಿನ್ನೂ ಮೈಮುರಿಯುತ್ತಿತ್ತು.

ನಾನು ಕೆಲಸ ಮಾಡುವುದು ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು ನನ್ನ ಕೆಲಸ. ನನ್ನ ಪಕ್ಕದ ಮೇಜಿನವನಿಗೆ ಕಚೇರಿಯಲ್ಲಿ ಉಚಿತಾನಂದ ಎಂದು ಹೆಸರಿಟ್ಟಿದ್ದಾರೆ. ಅವನ ಪ್ರಕಾರ ಜಗತ್ತಿನ ಸಕಲ ಸಂಕಟಕ್ಕೂ ಮದ್ದು ಒಂದೇ, ಅದು ಮುಕ್ತ ಆಪರೇಟಿಂಗ್ ಸಿಸ್ಟಮ್. ನನಗೆ ನೆಗಡಿ ಎಂದರೂ "ಲಿನಕ್ಸ್ ಹಾಕಿ ಸರ್" ಎನ್ನುವ ಮನುಷ್ಯ. ಯಂತ್ರ ನಿಧಾನ ಎಂದದ್ದೇ ತಡ, ಕುರ್ಚಿಯನ್ನು ನನ್ನ ಮೇಜಿಗೆ ಎಳೆದುಕೊಂಡ.

"ಇದು ಯಾರಪ್ಪನ ಸ್ವತ್ತೂ ಅಲ್ಲ ಸರ್. ಎಲ್ಲರದೂ. ಒಳಗೇನಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಹಳೇ ಯಂತ್ರ ಕುದುರೆ ಥರ ಓಡುತ್ತೆ."

"ನನಗೆ ಬರುತ್ತಾ ಮಾರಾಯ?"

"ಅದು ಕೇಳ್ತಾ ಹೋಗುತ್ತೆ, ನೀವು ಹೇಳ್ತಾ ಹೋಗಿ. ಅಷ್ಟೇ."

ಹೀಗೆಂದು ಒಂದು ಪೆನ್‌ಡ್ರೈವನ್ನೂ ಒಂದು ಚೀಟಿಯನ್ನೂ ಕೊಟ್ಟು, ತಾನು ರಜೆ ಹಾಕಿ ಫೋನು ಸಿಗದ ಯಾವುದೋ ಬೆಟ್ಟ ಹತ್ತಲು ಹೊರಟುಹೋದ. ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸಂಜೆ ಕ್ಯಾಂಟೀನಿನಲ್ಲಿ ಚಹಾ ಹೀರುತ್ತಾ, "ನಾವು ಮನೇಲಿ ಮುಕ್ತಕ್ಕೆ ಹೋಗ್ತಾ ಇದ್ದೀವಿ. ಇನ್ನೊಬ್ಬರ ಹಂಗು ಯಾಕೆ?" ಎಂದುಬಿಟ್ಟೆ. ಓಣಿಯಲ್ಲಿ ಎದುರಾದ ಪಕ್ಕದ ಮನೆಯವರಿಗೂ ಹೇಳಿದೆ. ಇಷ್ಟು ಜನಕ್ಕೆ ಹೇಳಿದ ಮೇಲೆ ಹಿಂದೆ ಸರಿಯುವ ದಾರಿ ಮುಚ್ಚಿತು.

ಭಾನುವಾರ ಮನೆಮಂದಿಯೆಲ್ಲ ಪರದೆಯ ಮುಂದೆ ಕೂತೆವು. ಉಚಿತಾನಂದ ಹೇಳಿದಂತೆಯೇ ಅದು ಕೇಳುತ್ತಾ ಹೋಯಿತು, ನಾನು ಹೇಳುತ್ತಾ ಹೋದೆ. ಹಳೆಯದನ್ನೆಲ್ಲ ಅಳಿಸಲೇ ಎಂದಿತು. ಅಳಿಸು ಎಂದೆ. ಆಮೇಲೆ "ನಿಮ್ಮ ಹೆಸರೇನು?" ಎಂದಿತು. ಮಗಳು ಕೀಲಿಮಣೆಗೆ ಕೈ ಹಾಕಿದಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮನೆಗೆ ಏನೇ ಬಂದರೂ ಅದು ನಮ್ಮ ಅತ್ತೆಯ ಹೆಸರಿನಲ್ಲಿ ಬರುತ್ತದೆ. ನೀರಿನ ಮೀಟರು, ಕರೆಂಟು, ಗ್ಯಾಸು, ಫೋನು, ನಾನು ಓಡಿಸುವ ಸ್ಕೂಟರು, ನಾನು ಪುಸ್ತಕ ತರುವ ಗ್ರಂಥಾಲಯದ ಕಾರ್ಡು, ಎಲ್ಲವೂ. ಅತ್ತೆ ವಿದ್ಯಾರ್ಥಿನಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ಅವರ ಹೆಸರಿನಲ್ಲಿ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದೆ. ತಡವಾದರೆ ಅವರೇ ಖುದ್ದಾಗಿ ಹೋಗಿ ವಿಚಾರಿಸುತ್ತಾರೆ. ಹಾಗೆ ಒಮ್ಮೆ ವಿಚಾರಿಸಿಕೊಂಡ ಕಚೇರಿಯವರು ಮತ್ತೆ ತಡ ಮಾಡಿದ ಉದಾಹರಣೆ ಇಲ್ಲ.

"ತಾಳು, ಮೊದಲು ಅಜ್ಜಿ ಹೆಸರು" ಎಂದೆ.

"ನಂದು ಅಂದಿದ್ದೆ?"

"ನಿಂದೇ ಕಣಮ್ಮ. ಹೆಸರು ಮಾತ್ರ ಅಜ್ಜೀದು. ಗ್ಯಾಸು ಅಜ್ಜಿ ಹೆಸರಲ್ಲಿದೆ, ಅಡುಗೆ ನಾವು ಮಾಡ್ಕೊಳ್ಳಲ್ವಾ?"

ಮಗಳು ಮುಖ ದಪ್ಪ ಮಾಡಿಕೊಂಡು ಜಾಗ ಬಿಟ್ಟಳು. ಅತ್ತೆ ಕನ್ನಡಕ ಏರಿಸಿ ಕೂತು ಒಂದೇ ಬೆರಳಿನಲ್ಲಿ ಹೆಸರು ಬರೆದರು. ಅದು ಪಾಸ್‌ವರ್ಡ್ ಕೇಳಿತು. ನಾನು ತಿಳಿದವನಂತೆ ಉಪದೇಶಕ್ಕೆ ನಿಂತೆ.

"ಅತ್ತೆ, ಇದು ಬಹಳ ಗುಟ್ಟಿಂದು. ಯಾರಿಗೂ ಹೇಳಬಾರದು."

"ನಿಮಗೂ?"

"ನನಗೂ. ನಾನೇ ಬಂದು ಕೈಮುಗಿದು ಕೇಳಿದ್ರೂ ಹೇಳಬಾರದು."

"ಸರಿ" ಎಂದರು ಅತ್ತೆ. ನಮ್ಮನ್ನೆಲ್ಲ ಕೋಣೆಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಪಾಸ್‌ವರ್ಡ್ ಬರೆದರು. ಮುಂದೆ ಅವರ ಹೆಸರಿನ ಕೆಳಗೆ ನನ್ನದೊಂದು, ಮಗಳದೊಂದು ಖಾತೆಯಾಯಿತು. ಯಂತ್ರ ನಿಜಕ್ಕೂ ಚುರುಕಾಗಿತ್ತು. ಬಟ್ಟೆ ಒಣಹಾಕುವಷ್ಟು ಪುರುಸೊತ್ತು ಕೊಡಲಿಲ್ಲ. ನಾನು ಎದೆ ಉಬ್ಬಿಸಿ ಓಡಾಡಿದೆ.

ಸೋಮವಾರ ಸಂಜೆ ಕಚೇರಿಯಿಂದ ಬಂದವನನ್ನು ಮಗಳು ಚಪ್ಪಲಿ ಬಿಡಲೂ ಬಿಡದೆ ಹಿಡಿದಳು. ಚಿತ್ರ ಓಡಿಸುವ ತಂತ್ರಾಂಶ ಅದರಲ್ಲಿಲ್ಲ, ಹಾಕಿಕೊಡಬೇಕು. ನಾನು ಉಚಿತಾನಂದನ ಚೀಟಿ ಬಿಡಿಸಿದೆ. ಕಪ್ಪು ಕಿಟಕಿಯೊಂದನ್ನು ತೆರೆಯಬೇಕು, ದೊಡ್ಡ ಕೋರಿಕೆ ಏನಿದ್ದರೂ 'ಸುಡೊ' ಎಂಬ ಮಾತಿನಿಂದ ಶುರುಮಾಡಬೇಕು, ಆಗ ಯಂತ್ರ ಎದ್ದುನಿಂತು ಕೇಳುತ್ತದೆ ಎಂದು ಬರೆದಿತ್ತು. ಹಾಗೆಯೇ ಬರೆದೆ. ಪಾಸ್‌ವರ್ಡ್ ಕೇಳಿತು. ನನ್ನದನ್ನು ಕೊಟ್ಟೆ. ಆಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಅದರ ಸಾರಾಂಶ ಇಷ್ಟು: ಇವರ ಹೆಸರು ಅಧಿಕಾರವುಳ್ಳವರ ಫೈಲಿನಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ಬೇರೆ ಯಾರಾದರೂ ಆಗಿದ್ದರೆ ಓದಿ ಸುಮ್ಮನಾಗುತ್ತಿದ್ದರೋ ಏನೋ. ಆದರೆ ಈ ವಾಕ್ಯ ನನಗೆ ಚೆನ್ನಾಗಿ ಪರಿಚಯ. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಕಲ್ಲು ಸಿಕ್ಕಾಗಲೆಲ್ಲ ನಾನು ಕೊನೆಯಲ್ಲಿ ಬರೆಯುವುದು ಇದನ್ನೇ. ಯಾರು ಮಾಡುತ್ತಾರೆ, ಯಾರಿಗೆ ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂಬುದನ್ನು ಹೇಳದಿರುವುದೇ ಇದರ ಬಲ. ಈ ವಾಕ್ಯ ಬರೆದವನು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಾನೆ, ಬರೆಸಿಕೊಂಡವನು ವಕೀಲರ ಮನೆ ಹುಡುಕುತ್ತಾನೆ. ಇಷ್ಟು ವರ್ಷ ನಾನು ಚಹಾ ಕುಡಿಯುವ ಕಡೆಗಿದ್ದೆ.

"ಏನಂತೆ ಅಪ್ಪ?"

"ಏನಿಲ್ಲ. ಸ್ವಲ್ಪ ಯೋಚನೆ ಮಾಡ್ತಾ ಇದೆ. ನೀನು ಹೋಗಿ ಹಾಲು ಕುಡಿ."

ಅವಳು ಅತ್ತ ಹೋದೊಡನೆ ಮತ್ತೆ ಬರೆದು ನೋಡಿದೆ. ಮತ್ತೆ ಅದೇ ಉತ್ತರ, ಮತ್ತೊಂದು ವರದಿ. ಕ್ಷಮೆ ಕೇಳಿಬಿಡೋಣ ಎನ್ನಿಸಿತು. ದೊಡ್ಡ ಕೋರಿಕೆಗಳೆಲ್ಲ ಆ ಮಾತಿನಿಂದಲೇ ಶುರುವಾಗಬೇಕು ಎಂದು ಚೀಟಿಯಲ್ಲಿತ್ತಲ್ಲ, ಕ್ಷಮೆಗಿಂತ ದೊಡ್ಡ ಕೋರಿಕೆ ಯಾವುದಿದೆ? 'ಸುಡೊ ಸಾರಿ' ಎಂದು ಬರೆದೆ. ಈ ಘಟನೆಯನ್ನೂ ವರದಿ ಮಾಡಲಾಗುವುದು ಎಂದಿತು. 'ಸುಡೊ ಪ್ಲೀಸ್' ಎಂದೆ. ಅದನ್ನೂ ಮಾಡಲಾಗುವುದು. ಎದ್ದು ಗೋಡೆಯ ಸ್ವಿಚ್ಚನ್ನೇ ಆರಿಸಿದೆ.

ಹೆಂಡತಿ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. "ರೀ, ಏನು ಮುಖ ಹೀಗೆ ಬೆಳ್ಳಗಾಗಿದೆ?"

ವಿಷಯ ಹೇಳಿದೆ.

"ಯಾರಿಗಂತೆ ವರದಿ?"

"ಅದನ್ನೇ ಹೇಳಿಲ್ಲ."

"ಹೇಳಿಲ್ಲ ಅಂದ್ರೆ ಮಾಡಲ್ಲ ಬಿಡಿ."

"ಹೇಳದೆ ಇರೋದೇ ಮಾಡೋರ ಲಕ್ಷಣ ಕಣೇ! ನನಗೆ ಗೊತ್ತಿಲ್ವಾ?"

ನಮ್ಮ ವೃತ್ತಿಯಲ್ಲಿ ಒಂದು ಅಲಿಖಿತ ನಿಯಮವಿದೆ. ಮೊದಲು ಹೋಗಿ ಹೇಳಿದವನು ದೂರುದಾರ, ಎರಡನೆಯವನು ಆರೋಪಿ. ಆದ್ದರಿಂದ ವರದಿ ತಲುಪುವುದರೊಳಗೆ ನಾನೇ ಹೋಗಿ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಯಾರಿಗೆ ಹೇಳಬೇಕೋ ತಿಳಿಯದ್ದರಿಂದ ಹತ್ತಿರದಿಂದಲೇ ಆರಂಭಿಸಿದೆ.

ಪಕ್ಕದ ಮನೆಯವರು ನಿವೃತ್ತ ದಫೇದಾರರು. ಪೊಲೀಸ್ ಕೆಲಸ ಬಿಟ್ಟ ಮೇಲೆ ಅವರ ಪಾಲಿಗೆ ಅಪರಾಧವೆಂಬುದೇ ಸಿಗದೆ ಒಳಗೊಳಗೇ ಸೊರಗಿದ್ದರು. ನಾನು ಅರ್ಧ ಹೇಳುವಷ್ಟರಲ್ಲೇ ಬೆಲ್ಟು ಬಿಗಿದುಕೊಂಡು ಹೊರಟರು.

"ಯಾರೂ ಏನೂ ಮುಟ್ಟಬೇಡಿ! ಜಾಗ ಹೇಗಿತ್ತೋ ಹಾಗೇ ಇರಬೇಕು."

ಹೆಂಡತಿಯ ಬಟ್ಟೆ ಹಗ್ಗ ತಂದು ಮೇಜಿನ ಸುತ್ತ ಕಟ್ಟಿದರು. ಸೀಮೆಸುಣ್ಣದಿಂದ ಕೀಲಿಮಣೆಯ ಸುತ್ತ ಗೆರೆ ಎಳೆದರು. ನನ್ನನ್ನು ಕೂರಿಸಿ, ಎದ್ದೇಳಿಸಿ, ಮತ್ತೆ ಕೂರಿಸಿ ನೋಡಿದರು.

"ಬರೆಯೋವಾಗ ಕೋಣೇಲಿ ಯಾರಿದ್ದರು?"

"ಯಾರೂ ಇಲ್ಲ. ಹಲ್ಲಿ ಇತ್ತು."

ದಫೇದಾರರು ಟ್ಯೂಬ್‌ಲೈಟಿನತ್ತ ಬಹಳ ಹೊತ್ತು ನೋಡಿದರು. "ಬಾಲ ಯಾಕಿಲ್ಲ ಅದಕ್ಕೆ?"

"ಅದು ಮೊದಲಿಂದಾನೂ ಇಲ್ಲ."

"ಹೂಂ" ಎಂದರು, ನಂಬದವರಂತೆ.

ಮಗಳು ಬಂದು ಹಗ್ಗ ನೋಡಿದಳು, ಸುಣ್ಣ ನೋಡಿದಳು. "ನನ್ನ ಕಂಪ್ಯೂಟರಿಗೆ ಯಾಕೆ ಬೇಲಿ ಹಾಕಿದೀರ ದಫೇದಾರ್ ಮಾಮ? ನಾನು ಶನಿವಾರ ಚಿತ್ರ ಕೊಡಬೇಕು!"

"ತನಿಖೆ ಮುಗೀಲಿ ಮಗು."

"ಯಾವಾಗ ಮುಗಿಯುತ್ತೆ?"

"ಅವಸರದಲ್ಲಿ ಮುಗಿದ ತನಿಖೆಯನ್ನ ನಾನಂತೂ ನೋಡಿಲ್ಲ."

ಅವಳು ನನ್ನತ್ತ ತಿರುಗಿದಳು. ನಾನು ಮೊನ್ನೆಯೇ ಓದಿ ಮುಗಿಸಿದ್ದ ಪತ್ರಿಕೆ ತೆಗೆದು ಮುಖಕ್ಕೆ ಅಡ್ಡ ಹಿಡಿದೆ.

ಮರುದಿನ ಕಚೇರಿಗೆ ಹೋದವನು ನೇರವಾಗಿ ಮೇಲಧಿಕಾರಿಗಳ ಕೋಣೆಗೆ ನುಗ್ಗಿದೆ. ಅವರು ಹಸಿರು ಇಂಕಿನ ಪೆನ್ನು ಒರೆಸುತ್ತಾ ಕೂತಿದ್ದರು.

"ಸಾರ್, ಫೈಲಿನಲ್ಲಿ ನನ್ನ ಹೆಸರಿಲ್ಲ ಅಂತ ನಮ್ಮ ಮನೆ ಕಂಪ್ಯೂಟರು ಬರೆದಿದೆ."

"ಇಲ್ವಾ?" ಅವರ ಮುಖ ಅರಳಿತು. "ಸಂತೋಷ ಪಡ್ರಿ! ನಾನು ಸರ್ವಿಸ್ ಪೂರ್ತಿ ಕಷ್ಟಪಟ್ಟಿದ್ದೇ ಅದಕ್ಕೆ. ಯಾವ ಫೈಲು ಬಂದ್ರೂ ಮೊದಲು ನನ್ನ ಹೆಸರಿಲ್ಲ ತಾನೇ ಅಂತ ನೋಡ್ತೀನಿ. ನಿಮಗೆ ಯಂತ್ರವೇ ಬರೆದುಕೊಟ್ಟಿದೆ ಅಂದ್ರೆ ಅದೊಂದು ಸರ್ಟಿಫಿಕೇಟು."

"ಆದ್ರೆ ವರದಿ ಮಾಡಲಾಗುವುದು ಅಂತಲೂ ಇದೆ ಸಾರ್."

ಪೆನ್ನು ಒರೆಸುವುದು ನಿಂತಿತು. "ಯಾರ ಗಮನಕ್ಕೆ?"

"ಗೊತ್ತಿಲ್ಲ ಸಾರ್."

"ಪ್ರತಿ ಯಾರಿಗೆ?"

"ಗೊತ್ತಿಲ್ಲ ಸಾರ್."

"ನನಗೆ ಪ್ರತಿ ಬರುತ್ತಾ?"

"ಬಂದರೂ ಬರಬಹುದು ಸಾರ್."

ಅವರು ಎದ್ದು ನಿಂತರು. ಕಿಟಕಿಯ ಹೊರಗೆ ನೋಡಿದರು. ಮತ್ತೆ ಕೂತರು. "ನೋಡ್ರಿ, ನೀವು ಇಲ್ಲಿಗೆ ಬಂದಿಲ್ಲ. ನಾನು ಕೇಳಿಲ್ಲ. ಈಗ ನೀವು ಹೊರಗೆ ಹೋಗೋದು ಸಹ ಯಾರಿಗೂ ಕಾಣಬಾರದು."

ಒಂದೇ ಬಾಗಿಲಿರುವ ಕೋಣೆಯಿಂದ ಯಾರಿಗೂ ಕಾಣದಂತೆ ಹೊರಗೆ ಬರುವುದು ಹೇಗೆಂದು ನಾನು ಕೇಳಲಿಲ್ಲ. ಬಂದೆ. ಎಲ್ಲರೂ ಕಂಡರು. ಊಟದ ಹೊತ್ತಿಗೆ ಸುದ್ದಿ ಹಬ್ಬಿತ್ತು. ನಾನು ಮುಕ್ತಕ್ಕೆ ಹೋಗಲು ಹೋಗಿ ಯಾವುದೋ ದೊಡ್ಡವರ ಕಂಪ್ಯೂಟರಿನೊಳಕ್ಕೆ ಹೊಕ್ಕಿದ್ದೇನೆಂದು ಒಬ್ಬರು, ಒಂದು ಬ್ಯಾಂಕೇ ಮುಗ್ಗರಿಸಿದೆ ಎಂದು ಇನ್ನೊಬ್ಬರು. ಕ್ಯಾಂಟೀನಿನಲ್ಲಿ ನನ್ನ ಮೇಜಿನವರು ತಟ್ಟೆ ಎತ್ತಿಕೊಂಡು ಆಚೆ ಹೋದರು. ಜವಾನ ಮಾತ್ರ ಅಂದು ಮೊದಲ ಬಾರಿಗೆ, ನಾನು ಕರೆಯುವ ಮುನ್ನವೇ ನೀರು ತಂದಿಟ್ಟು, ಬಾಗಿ ನಿಂತು, "ಸಾರ್, ನಮ್ಮ ಭಾಮೈದಂದೊಂದು ಸಾಲದ ಲೆಕ್ಕ ಅಳಿಸಬೇಕಿತ್ತು" ಎಂದ.

ಬುಧವಾರವೂ ಹೀಗೆಯೇ ಕಳೆಯಿತು. ಉಚಿತಾನಂದನ ಫೋನು ಬೆಟ್ಟದ ಮೇಲೆ ಸತ್ತು ಮಲಗಿತ್ತು. ನಾನು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಅಂಗಡಿಗಳಿಗೆ ಹೋದರೆ ತಕ್ಕಡಿ ನೋಡುವ ಬದಲು ಬೀದಿಗೆ ಕಣ್ಣಿಟ್ಟು ನಿಲ್ಲುತ್ತಿದ್ದೆ. ಅಂಚೆಯವನು ಓಣಿಗೆ ಬಂದರೆ ಬಚ್ಚಲಿಗೆ ಹೋಗುತ್ತಿದ್ದೆ. ಮಗಳು ಹಗ್ಗದ ಈಚೆ ಚಿತ್ರಗಳ ಕಟ್ಟು ಹಿಡಿದು ಕೂತಿರುತ್ತಿದ್ದಳು. "ಆಯ್ತಾ ಅಪ್ಪ?" ಎಂದು ಕೇಳುತ್ತಿದ್ದವಳು ಕೊನೆಗೆ ಕೇಳುವುದನ್ನೂ ಬಿಟ್ಟಳು. ಅವಳು ಕೇಳದಿದ್ದಾಗ ನನಗೆ ಇನ್ನೂ ಕಷ್ಟವಾಯಿತು.

ಗುರುವಾರ ಸಂಜೆ ಭಾವಮೈದ ಕರಿಕೋಟು ಸಮೇತ ಬಂದ. ಇಷ್ಟು ವರ್ಷ ಅವನಿಗೆ ಬಂದ ವ್ಯಾಜ್ಯಗಳೆಲ್ಲ ಎರಡು ಮನೆಯ ನಡುವಿನ ಗೋಡೆಯವು. ಈಗ ಗೋಡೆಯಿಲ್ಲದ ವ್ಯಾಜ್ಯವೊಂದು ಸಿಕ್ಕ ಖುಷಿಗೆ ಅವನ ಕಣ್ಣು ಹೊಳೆಯುತ್ತಿತ್ತು.

"ಭಾವ, ಇನ್ನು ನಿಮ್ಮ ಬಾಯಿಂದ ಒಂದು ಮಾತೂ ಹೊರಡಬಾರದು. ಏನೇನು ಬರೆದ್ರಿ ಹೇಳಿ."

"ಮಾತಾಡಬೇಡ ಅಂತೀಯಲ್ಲ?"

"ನನ್ನ ಹತ್ತಿರ ಮಾತಾಡಿ!"

ಹೇಳಿದೆ. ಅವನು ಹಣೆ ಹಣೆ ಚಚ್ಚಿಕೊಂಡ. "'ಸಾರಿ' ಅಂತ ಯಾಕೆ ಬರೆದ್ರಿ ಭಾವ? ತಪ್ಪೊಪ್ಪಿಗೆ ಆಗೋಯ್ತಲ್ಲ! ಬೆರಳು ಜಾರಿ ತಾಗ್ತು ಅಂತ ವಾದಿಸೋಣ ಅಂದ್ರೆ, ಜಾರಿದ ಬೆರಳು 'ಪ್ಲೀಸ್' ಅಂತಲೂ ಬರೆದಿದೆ!"

"ಯಂತ್ರವನ್ನ ನಾನು ಮುಟ್ಟುಗೋಲು ಹಾಕ್ಕೊಂಡಿದೀನಿ" ಎಂದರು ದಫೇದಾರರು, ಹಗ್ಗದ ಒಳಗಿನಿಂದ.

"ಯಾವ ಅಧಿಕಾರದಲ್ಲಿ? ಯಂತ್ರ ನನ್ನ ಚೇಂಬರಿಂದು. ನಾಳೆ ಯಾರಾದ್ರೂ ಬಂದ್ರೆ ನನ್ನ ಹೆಸರೂ ಎಳೀತಾರೆ. ಈಗಲೇ ಒಯ್ತೀನಿ."

"ಸಾಕ್ಷ್ಯ ಸಾಗಿಸೋದಾ?"

ಇಬ್ಬರೂ ಕಂಪ್ಯೂಟರಿನ ಪೆಟ್ಟಿಗೆಯ ಒಂದೊಂದು ಕಡೆ ಹಿಡಿದರು. ಹೆಂಡತಿ "ಅಯ್ಯೋ ನನ್ನ ಹಗ್ಗ!" ಎಂದಳು. ಅಷ್ಟರಲ್ಲಿ ಮಗಳು ಹಗ್ಗದಡಿ ನುಸುಳಿ ಹೋಗಿ ಪೆಟ್ಟಿಗೆಯನ್ನು ತಬ್ಬಿ ಕೂತುಬಿಟ್ಟಳು.

"ಇದು ನಂದು! ಅಪ್ಪ ನನಗೆ ಕೊಟ್ಟಿದ್ದು! ಮಾಮ, ಕೈ ಬಿಡು!"

ಯಾರೂ ಬಿಡಲಿಲ್ಲ. ಆ ಗದ್ದಲದಲ್ಲಿ ನನ್ನ ಫೋನು ಬಡಿದುಕೊಂಡಿತು. ಉಚಿತಾನಂದ! ಸ್ಪೀಕರಿಗೆ ಹಾಕಿದೆ.

"ಸರ್, ಬೆಟ್ಟ ಇಳಿದು ನೋಡಿದ್ರೆ ಬರೀ ನಿಮ್ಮದೇ ಕರೆ! ಮನೇಲಿ ಎಲ್ಲ ಕ್ಷೇಮಾನಾ?"

"ಕ್ಷೇಮ ಆಮೇಲೆ. ಆ ವರದಿ ಯಾರಿಗೆ ಹೋಗುತ್ತಯ್ಯಾ?"

ಅವನು ನಕ್ಕ ಸದ್ದು ಕೋಣೆಯೆಲ್ಲ ತುಂಬಿತು. "ಅದಾ! ನಿಮ್ಮನೆ ಹೊಸಿಲೇ ದಾಟಲ್ಲ ಸರ್. ಯಂತ್ರದೊಳಗೇ ಬರೆದಿಟ್ಟುಕೊಳ್ಳುತ್ತೆ, ಆ ಯಂತ್ರದ ಮೇಲ್ವಿಚಾರಕರು ಬೇಕಂದ್ರೆ ನೋಡಬಹುದು, ಅಷ್ಟೇ. ಹಾಕೋವಾಗ ಮೊದಲು ಯಾರ ಹೆಸರು ಕೊಡ್ತೀರೋ ಅವರೇ ಮೇಲ್ವಿಚಾರಕರು. ಹೊಸದೇನೇ ಹಾಕೋದಕ್ಕೂ ಅವರಿಗೆ ಮಾತ್ರ ಅಧಿಕಾರ. ಮೊದಲು ನಿಮ್ಮ ಹೆಸರೇ ಕೊಟ್ಟಿರ್ತೀರಲ್ಲ... ಹಲೋ? ಸರ್? ಇದೀರಾ?"

ನಾನು ಇರಲಿಲ್ಲವೆಂದೇ ಹೇಳಬೇಕು. ದಫೇದಾರರು ಪೆಟ್ಟಿಗೆಯಿಂದ ಕೈ ತೆಗೆದರು. ಭಾವಮೈದನೂ ತೆಗೆದ. ಎಲ್ಲರ ಕಣ್ಣೂ ಮೂಲೆಗೆ ಹೊರಳಿದವು. ಅಲ್ಲಿ ಅತ್ತೆ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ನಾಲ್ಕು ದಿನದ ಈ ರಾದ್ಧಾಂತದಲ್ಲಿ ಅವರನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿ ಅವರು ತಲೆಯೆತ್ತಿದರು.

"ಅಂದ್ರೆ, ಅಳಿಯಂದಿರು ನನಗೆ ತಿಳೀದ ಹಾಗೆ ಏನೋ ಮಾಡಕ್ಕೆ ಹೋಗಿದಾರೆ. ಅದು, ತಡೀರಿ ನಿಮ್ಮತ್ತೆಗೆ ಹೇಳ್ತೀನಿ ಅಂದಿದೆ."

"ಹಾಗೇ ಅಂದುಕೊಳ್ಳಿ ಅತ್ತೆ."

"ಒಳ್ಳೇ ಯಂತ್ರ" ಎಂದರು ಅತ್ತೆ. ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ದಫೇದಾರರು ತಾವಾಗಿಯೇ ಹಗ್ಗ ಎತ್ತಿ ಹಿಡಿದು ದಾರಿ ಬಿಟ್ಟರು. ಅತ್ತೆ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, "ಎಲ್ಲಿ ವರದಿ?" ಎಂದರು.

ನನ್ನ ಬದುಕಿನಲ್ಲಿ ಅನೇಕ ವಿಚಾರಣೆಗಳನ್ನು ನಡೆಸಿದ್ದೇನೆ. ಅಂದಿನಂಥ ವಿಚಾರಣೆ ನೋಡಿಲ್ಲ. ಉಚಿತಾನಂದ ಫೋನಿನಲ್ಲಿ ಹೇಳಿಕೊಡುತ್ತಾ ಹೋದ, ಮಗಳು ವರದಿಯನ್ನು ತೆರೆದು ದನಿಯೆತ್ತಿ ಓದುತ್ತಾ ಹೋದಳು. ಅತ್ತೆ ಪ್ರತಿಯೊಂದಕ್ಕೂ ನನ್ನತ್ತ ತಿರುಗಿದರು.

"ಇಲ್ಲಿ 'ಸಾರಿ' ಅಂತಿದೆ. ಇದು ಯಾರಿಗೆ ಹೇಳಿದ್ದು?"

"ಯಾರಿಗೆ ಅಂತ ಗೊತ್ತಿರಲಿಲ್ಲ ಅತ್ತೆ."

"ಗೊತ್ತಿಲ್ಲದವರಿಗೆಲ್ಲ ಹೇಳ್ತೀರಿ. ಹೋದ ತಿಂಗಳು ನನ್ನ ಕನ್ನಡಕದ ಮೇಲೆ ಕೂತಾಗ ಹೇಳಲಿಲ್ಲ."

ಹೆಂಡತಿ ಮುಖ ತಿರುಗಿಸಿ ಕೆಮ್ಮಿದಳು. ಭಾವಮೈದ, ನನ್ನ ವಕೀಲ, ಒಂದೂ ಆಕ್ಷೇಪಣೆ ಎತ್ತಲಿಲ್ಲ.

ನಾನು ಕುರ್ಚಿಯ ಹತ್ತಿರ ಸರಿದೆ. "ಅತ್ತೆ, ಮಗೂಗೆ ಹೊತ್ತಾಗ್ತಾ ಇದೆ. ಆ ಪಾಸ್‌ವರ್ಡ್ ಒಂದು ಹೇಳಿಬಿಟ್ರೆ..."

"ಕೈಮುಗಿದು ಕೇಳಿದ್ರೂ ಹೇಳಬಾರದು ಅಂದಿದ್ರಿ."

ನೋಡಿಕೊಂಡರೆ ನಾನು ಆಗಲೇ ಕೈಮುಗಿದಿದ್ದೆ.

"ನಾನೇ ಒತ್ತುತೀನಿ" ಎಂದರು. "ಎಲ್ಲರೂ ಗೋಡೆ ಕಡೆ ತಿರುಗಿ."

ತಿರುಗಿದೆವು. ಕಾನೂನು, ಪೊಲೀಸು, ತೂಕ-ಅಳತೆ ಮೂರೂ ಇಲಾಖೆ ಸಾಲಾಗಿ ಸುಣ್ಣ ಎದ್ದ ಗೋಡೆಗೆ ಮೂಗು ತಾಗಿಸಿ ನಿಂತವು. ಹಿಂದಿನಿಂದ ಅತ್ತೆಯ ಪಿಸುದನಿ ಕೇಳತೊಡಗಿತು. ಅವರಿಗೆ ಬಾಯಲ್ಲಿ ಹೇಳಿಕೊಳ್ಳದೆ ಬರೆದು ಅಭ್ಯಾಸವಿಲ್ಲ. ಒಂದಕ್ಷರ ಆಗುವಷ್ಟರಲ್ಲಿ ಅವರಿಗೇ ಹೊಳೆದು, "ಕಿವೀನೂ ಮುಚ್ಚಿಕೊಳ್ಳಿ!" ಎಂದು ಗದರಿದರು. ಮುಚ್ಚಿಕೊಂಡೆವು. ಎಷ್ಟು ಮುಚ್ಚಿಕೊಂಡರೂ ಅವರು ಮುಂದೆ ಕೂಗಿದ್ದು ಕೇಳಿಸಿತು.

"ಏನೂ ಬೀಳ್ತಾನೇ ಇಲ್ಲವಲ್ಲೋ! ಕೀಲಿಮಣೆ ಕೆಟ್ಟಿದೆ."

"ಕಾಣಿಸಲ್ಲ ಅಜ್ಜಿ" ಎಂದ ಉಚಿತಾನಂದ ಫೋನಿನಿಂದ. "ಅದು ಹಾಗೇ. ಕಾಣದೆ ಇದ್ರೂ ಒಳಗೆ ಬೀಳ್ತಾ ಇರುತ್ತೆ. ನಂಬಿ ಹೊಡೀರಿ."

"ನಲವತ್ತು ಕೋಣೆ ಹಾಸ್ಟೆಲ್ ನಡೆಸಿದೀನಿ ನಾನು. ಕಾಣದ್ದನ್ನ ನಂಬಿದ್ರೆ ನಡೀತಿತ್ತೇನೋ?"

ಮೊದಲ ಬಾರಿ ತಪ್ಪಾಯಿತು. ಮತ್ತೆ ಪ್ರಯತ್ನಿಸಿ ಎಂದಿತು ಯಂತ್ರ. "ನನಗೇ ತಪ್ಪು ಅನ್ನುತ್ತಾ?" ಎಂದು ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಎರಡನೆಯ ಬಾರಿ ಒಂದೊಂದು ಕೀಲಿಯನ್ನೂ ಹಾಸ್ಟೆಲ್ಲಿನ ಗಂಟೆ ಬಾರಿಸಿದಂತೆ ಬಾರಿಸಿದರು. ಆಮೇಲೆ ಮಗಳು "ಹೋಗ್ತಾ ಇದೆ! ಹೋಗ್ತಾ ಇದೆ!" ಎಂದು ಕಿರುಚಿದಳು. ತಿರುಗಿ ನೋಡಿದರೆ ಕಪ್ಪು ಕಿಟಕಿಯಲ್ಲಿ ಬಿಳಿ ಸಾಲುಗಳು ಒಂದರ ಹಿಂದೊಂದು ಓಡುತ್ತಿದ್ದವು. ನಾನು ಹೇಳಿದಾಗ ವರದಿ ಮಾಡುತ್ತೇನೆಂದು ಹೆದರಿಸಿದ ಯಂತ್ರ ಅತ್ತೆಯ ಮುಂದೆ, ಬೇಕೇ ಬೇಡವೇ ಎಂದು ಒಂದೇ ಮಾತು ಕೇಳಿ, ಬೇಕು ಎಂದ ಕೂಡಲೇ ಕೆಲಸಕ್ಕೆ ಬಿತ್ತು. ಅದಕ್ಕೂ ಮನುಷ್ಯರ ಗುರುತು ಹತ್ತುತ್ತದೆ.

ಮಗಳು ಆ ಸಂಜೆಯೇ ಕೂತಳು. ಶುಕ್ರವಾರ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕೂತಳು. ಶನಿವಾರ ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ಕರೆದೊಯ್ದೆ. ಮೇಷ್ಟ್ರ ಕೋಣೆಯ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಹಲ್ಲಿ ಓಡಿತು, ಬೆಕ್ಕು ಬಂತು, ಬಾಲ ಕಳಚಿತು, ಮತ್ತೆ ಚಿಗುರಿತು. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದರು. ಮೇಷ್ಟ್ರು ನನ್ನ ಕೈ ಕುಲುಕಿ, "ಮನೇಲಿ ಒಳ್ಳೇ ಪ್ರೋತ್ಸಾಹ ಇದೆ" ಎಂದರು. ನಾನು ವಿನಯದಿಂದ ನೆಲ ನೋಡಿದೆ.

ಮನೆಗೆ ಬಂದಾಗ ಮೇಜಿನ ಸುತ್ತಲಿನ ಹಗ್ಗ ಹೋಗಿತ್ತು. ಅದರ ಜಾಗದಲ್ಲಿ ಅತ್ತೆ ಕೂತಿದ್ದರು. ಯಂತ್ರದೊಳಗೆ ಇಸ್ಪೀಟಿನಾಟವೊಂದಿದೆ ಎಂಬುದನ್ನು ಅವರು ನಮ್ಮೆಲ್ಲರಿಗಿಂತ ಮೊದಲು ಕಂಡುಹಿಡಿದಿದ್ದರು. ಊಟಕ್ಕೆ ಮುಂಚೆ ಮೊಮ್ಮಗಳಿಗೆ, ಊಟವಾದ ಮೇಲೆ ತಮಗೆ, ಅಳಿಯಂದಿರಿಗೆ ತಮ್ಮ ಎದುರಿನಲ್ಲಿ ಮಾತ್ರ ಎಂದು ವೇಳೆ ಗೊತ್ತುಮಾಡಿದರು. ದೀಪ ಆರಿಸುವ ಹೊತ್ತಿಗೆ ಎಲ್ಲರೂ ಖಾತೆಯಿಂದ ಹೊರಗೆ ಬಂದಿರಬೇಕು.

ಮುಂದಿನ ವಾರ ಉಚಿತಾನಂದ ಮನೆಗೇ ಬಂದ. ಬೆಟ್ಟದಲ್ಲಿ ಮೂಗು ಸುಲಿದುಕೊಂಡು ಕೆಂಪಗಾಗಿದ್ದ. ಅತ್ತೆಗೆ ಬಗ್ಗಿ ನಮಸ್ಕರಿಸಿ ಮಾತು ತೆಗೆದ.

"ಅಜ್ಜಿ, ಒಂದೇ ಒಂದು ಸಾಲು ಹೊಡೆದ್ರೆ ಮೊಮ್ಮಗಳೂ ಮೇಲ್ವಿಚಾರಕಿ ಆಗ್ತಾಳೆ. ಅವಳಿಗೆ ಬೇಕಾದ್ದು ಅವಳೇ ಹಾಕ್ಕೋಬಹುದು. ಮಾಡ್ಲಾ?"

ಮಗಳು ಅಜ್ಜಿಯ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಒಂದು ಹಾಸ್ಟೆಲಿಗೆ ಎಷ್ಟು ಜನ ವಾರ್ಡನ್ನು?" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

"ಹಾಗಲ್ಲ ಅಜ್ಜಿ. ಇದು ಮುಕ್ತ. ಯಾರಪ್ಪನ ಸ್ವತ್ತೂ ಅಲ್ಲ."

"ನಮ್ಮಪ್ಪನದು ಅಂತ ನಾನೆಲ್ಲಿ ಅಂದೆ? ನನ್ನದು ಅಂದೆ. ಚಹಾ ಕುಡೀತೀಯೇನಪ್ಪ?"

ಅವನು ಕುಡಿದು ಹೋದ.

ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮಗಳು ಬಂದು ಎದುರಿಗೆ ಕೂತು ತನ್ನದೊಂದು ಕಾಲುಚೀಲ ಎತ್ತಿಕೊಂಡು ಅದರ ಜೋಡಿಗಾಗಿ ಗುಡ್ಡೆಯನ್ನೆಲ್ಲ ಕೆದಕಿದಳು.

"ಅಪ್ಪ, ಆ ಕಂಪ್ಯೂಟರು ಯಾರದು?"

"ಮನೇದು ಕಣಮ್ಮ. ಎಲ್ಲರದೂ."

"ನೀನು ಹೇಳಿದ್ದು ಹಾಗಲ್ಲ."

ನಾನು ಅಂಗಿಯ ಗುಂಡಿ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಅವಳಿಗೆ ಹಲ್ಲಿಯ ಲೊಚಗುಟ್ಟುವ ಸದ್ದು ಸೇರಿಸಬೇಕಿತ್ತು, ಅದಕ್ಕೆ ಇನ್ನೊಂದು ತಂತ್ರಾಂಶ ಬೇಕಿತ್ತು. ಎದ್ದು ಅಜ್ಜಿಯನ್ನು ಕೇಳಲು ಹೋದಳು. ಈ ಆಟ ಮುಗಿಯಲಿ, ಹೊರಗೆ ಕಾಯುತ್ತಿರು ಎಂದರು ಅತ್ತೆ. ಅವಳು ಹೊರಗೆ ಬಂದು ಹೊಸಿಲ ಮೇಲೆ ಕೂತಳು.

ಹೈಸ್ಕೂಲು ಸೇರಿದ ವರ್ಷ ಅವಳಿಗೆ ಅವಳದೇ ಒಂದು ಕಂಪ್ಯೂಟರು ಕೊಡುತ್ತೇನೆಂದಿದ್ದೆ. ಕೊಡಲಿಲ್ಲ.